ಬೇಡ ಎಂದದ್ದನ್ನು ನಂಬಿದ ಸಭೆ

ಮಾಸ್ಟ್ರ ಬಲಗೈಯ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಅವರು ಕೈ ಚಾಚಿದರೆ ಉಳಿದ ಬೆರಳುಗಳೆಲ್ಲ ನಿಮ್ಮ ಕಡೆಗೆ ಬರುತ್ತಿದ್ದವು, ಅದೊಂದು ಮಾತ್ರ ಬರಲೊಲ್ಲೆ ಎಂಬಂತೆ ಒಳಕ್ಕೆ ಮಡಚಿಕೊಂಡಿರುತ್ತಿತ್ತು. ಎಂಟು ವರ್ಷದ ಹುಡುಗನಾಗಿದ್ದಾಗ, ಕೆನಡಾದ ತಮ್ಮ ಊರಿನ ಮರದ ಮಿಲ್ಲಿನ ಗೇಟಿನ ಬಳಿ, ಚುನಾವಣೆಗೆ ನಿಂತಿದ್ದ ಅಪ್ಪನ ಪಕ್ಕದಲ್ಲಿ ನಿಂತು ಕೆಲಸ ಮುಗಿಸಿ ಬರುವವರಿಗೆಲ್ಲ ಕೈಕುಲುಕುತ್ತಿದ್ದರಂತೆ. ಚಳಿಗೆ ಕೈ ಮರಗಟ್ಟಿತ್ತು. ಯಾವನೋ ಒಬ್ಬ ದಾಂಡಿಗ ಪ್ರೀತಿಯಿಂದಲೇ ಹಿಂಡಿದ, ಬೆರಳು ಮುರಿಯಿತು.

"ಅಳಲಿಲ್ಲವಾ?" ಎಂದು ಕೇಳಿದೆ.

"ಸಾಲು ಇನ್ನೂ ಉದ್ದ ಇತ್ತು. ಮುಗಿದ ಮೇಲೆ ಅಪ್ಪನಿಗೆ ಹೇಳಿದೆ."

"ಹಾಗಾದರೆ ನಿಮ್ಮ ಅಪ್ಪ ಕೆಟ್ಟವರು."

ನನಗಾಗ ಹದಿನೈದು. ಅದು ನಮ್ಮ ಮೊದಲ ಸಂಭಾಷಣೆ. ಇನ್ನೊಬ್ಬರಾಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು, ಅಥವಾ ನನ್ನ ಅಪ್ಪನ ಕಡೆ ನೋಡಿ "ಮಗಳು ಚುರುಕು" ಎಂದು ತೇಲಿಸುತ್ತಿದ್ದರು. ಮಾಸ್ಟ್ರು ನನ್ನ ಕಡೆಗೇ ತಿರುಗಿ ಕುಳಿತು, "ಸಾಕ್ಷಿ ಒಂದು, ಅದೂ ಎಂಟು ವರ್ಷದ ಹುಡುಗನದು. ತೀರ್ಪು ಮಾತ್ರ ಬಹಳ ದೊಡ್ಡದು. ಪಾಟೀಸವಾಲಿಗೆ ಅವಕಾಶ ಇದೆಯಾ?" ಎಂದರು. ಆ ದಿನದಿಂದ ನಾನು ಅವರ ಶಿಷ್ಯೆ. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ದೋಹಾ ಅದು. ಅಪ್ಪ ಒಂದು ತರಬೇತಿ ಕೇಂದ್ರದಲ್ಲಿ ಆಫೀಸ್ ಕ್ಲಾರ್ಕ್. ಎಣ್ಣೆ ಕೆಲಸಕ್ಕೆ ಸೇರುವ ಹುಡುಗರಿಗೆ ಅಲ್ಲಿ ಇಂಗ್ಲಿಷ್ ಕಲಿಸಲು ಬಂದವರು ಮಾಸ್ಟ್ರು. ಮಧ್ಯಾಹ್ನ ಇಡೀ ಕೇಂದ್ರ ಊಟಕ್ಕೆ ಹೋದ ಮೇಲೆ ಈ ಮನುಷ್ಯ ಒಬ್ಬರೇ ಡಬ್ಬಿಯಿಂದ ತಣ್ಣಗಿನ ಮೀನು ತಿನ್ನುವುದನ್ನು ಅಪ್ಪ ಕಂಡು, ಬಂದು ಅಮ್ಮನಿಗೆ ಹೇಳಿದರು. ಅಮ್ಮ ಹೇಳಿದ್ದು ಇಷ್ಟೇ: "ಶುಕ್ರವಾರ ಕರ್ಕೊಂಡು ಬನ್ನಿ. ಡಬ್ಬಿಯದ್ದು ಎಂತ ಮೀನು, ಅದು ಔಷಧ." ಅಲ್ಲಿಂದ ಮುಂದೆ ಅಲ್ ಮನ್ಸೂರಾದ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಶುಕ್ರವಾರದ ಮಧ್ಯಾಹ್ನ ಒಂದು ತಟ್ಟೆ ಅವರದು. ಇಂಗ್ಲಿಷ್ ಬಾರದ ಅಮ್ಮನಿಗೆ ಅವರು 'ಕೆನಡಾದ ಮಾಸ್ಟ್ರು', ಅಮ್ಮನಿಂದಾಗಿ ನಮಗೆಲ್ಲ ಮಾಸ್ಟ್ರು.

ಅವರಿಗೆ ಆಗ ಮೂವತ್ತಮೂರೋ ಮೂವತ್ತನಾಲ್ಕೋ. ಅಷ್ಟರೊಳಗೆ ಒಂದು ರಾಜಕೀಯ ಜೀವನ ಮುಗಿಸಿ ಬಂದಿದ್ದರು. ಅಜ್ಜ ಅವರ ಪ್ರಾಂತ್ಯದಲ್ಲಿ ಮಂತ್ರಿ. ಅವರ ಅಪ್ಪ ಅಜ್ಜನ ಕ್ಷೇತ್ರದಲ್ಲೇ ಶಾಸಕ, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡವರು. ಅಪ್ಪ ಸತ್ತ ವರ್ಷವೇ ಪಕ್ಷದವರು ಮಗನನ್ನು ನಿಲ್ಲಿಸಿದರು, ಮಗ ಇಪ್ಪತ್ತಾರನೇ ವಯಸ್ಸಿಗೆ ಶಾಸಕನಾದ. ಮುಂದಿನ ಚುನಾವಣೆಯಲ್ಲಿ ಸೋತ. ಆಮೇಲೆ ಪತ್ರಿಕೆಯ ಜಾಹೀರಾತು ನೋಡಿ, ಚುನಾವಣೆಯ ಪೋಸ್ಟರನ್ನೇ ಕಾಣದ ಊರೊಂದಕ್ಕೆ ಬಂದುಬಿಟ್ಟ.

"ಟಿಕೆಟ್ ಸಿಕ್ಕಿದ್ದು ನಿಮ್ಮ ಅಪ್ಪನ ಹೆಸರಿನಿಂದ," ಎಂದೆ ಒಂದು ಶುಕ್ರವಾರ.

"ಸರಿ. ಮುಂದಿನ ವಾದ?"

"ಗೆದ್ದದ್ದೂ ಅದರಿಂದಲೇ."

"ಸರಿ."

"ಸೋತದ್ದು?"

ಮಾಸ್ಟ್ರು ನಕ್ಕರು. "ಅದೊಂದು ಮಾತ್ರ ನನ್ನ ಸ್ವಂತದ್ದು ಅಂತ ಅಂದುಕೊಂಡಿದ್ದೆ. ಆದರೆ ಇಡೀ ಪಕ್ಷವೇ ಸೋತಿತ್ತು. ಅದೂ ನನ್ನದಲ್ಲ."

ಈ ನಗು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅವರಿಗೆ ಅಧಿಕಾರ ಬೇಕಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಕಿತ್ತು. ಆದರೆ ಅದಕ್ಕಿಂತ ಮೊದಲು ಅವರಿಗೆ ತಿಳಿಯಬೇಕಿದ್ದದ್ದು ಒಂದೇ: ಅಜ್ಜನನ್ನೂ ಅಪ್ಪನನ್ನೂ ಕಳೆದು, ತನ್ನನ್ನು ಮಾತ್ರ ನೋಡಿ, ನೀನೇ ಬೇಕು ಎನ್ನುವವರು ಯಾರಾದರೂ ಇದ್ದಾರಾ?

ಅವರ ಜೊತೆ ಸಾಮಾನು ತರಲು ಹೋಗುವುದೆಂದರೆ ಒಂದು ಮೆರವಣಿಗೆ. ನಮ್ಮ ಕೆಳಗಿನ ಬಕಾಲದ, ಅಂದರೆ ದಿನಸಿ ಅಂಗಡಿಯ, ಮಲಯಾಳಿಯ ಮಗಳಿಗೆ ಊರಿನಲ್ಲಿ ಯಾವ ಪರೀಕ್ಷೆ ನಡೆಯುತ್ತಿದೆ, ಲಾಂಡ್ರಿಯವನ ಸೊಂಟನೋವು ಹೇಗಿದೆ, ಬಸ್ಸಿನ ಚಾಲಕನಿಗೆ ರಜೆ ಸಿಕ್ಕಿತೇ, ಎಲ್ಲ ಅವರಿಗೆ ನೆನಪು. ಅಮ್ಮನಿಂದ ಕಲಿತ ಒಂದೇ ಕನ್ನಡ ವಾಕ್ಯವನ್ನು ಕನ್ನಡಿಗರು ಮಲಯಾಳಿಗಳು ಎಂಬ ಭೇದವಿಲ್ಲದೆ ಎಲ್ಲರಿಗೂ ಹಂಚುತ್ತಿದ್ದರು: "ಊಟ ಆಯ್ತಾ?" ಈ ವಾಕ್ಯ ಮೊದಲೇ ಗೊತ್ತಿದ್ದರೆ ಆ ಚುನಾವಣೆ ಸೋಲುತ್ತಿರಲಿಲ್ಲ ಎಂದು ಒಮ್ಮೆ ಹೇಳಿದರು.

ನನಗೆ ಇದರಲ್ಲಿ ಅನುಮಾನ. "ಇದು ಪ್ರೀತಿಯಲ್ಲ, ತಂತ್ರ. ಹೆಸರು ನೆನಪಿಟ್ಟುಕೊಳ್ಳುವುದನ್ನು ನಿಮ್ಮ ಅಪ್ಪ ಕಲಿಸಿದ್ದು."

"ಹೌದು, ತಂತ್ರವೇ. ಮೊದಲು ಹೆಸರು ಕೇಳುತ್ತೇನೆ, ಅದು ತಂತ್ರ. ಎರಡನೇ ಸಲ ಸೊಂಟನೋವು ಕೇಳುತ್ತೇನೆ, ಅದೂ ತಂತ್ರ. ಮೂರನೇ ಸಲ ಅವನು ಅಂಗಡಿಯಲ್ಲಿ ಕಾಣದಿದ್ದರೆ ನನಗೆ ಯೋಚನೆ ಹತ್ತುತ್ತದೆ. ಅದು ಏನು ಅಂತ ನೀನೇ ಹೇಳು."

ನಾನು ಉತ್ತರ ಕೊಟ್ಟೆ. ಏನೆಂದು ಈಗ ನೆನಪಿಲ್ಲ. ಅವರ ಪ್ರಶ್ನೆ ಮಾತ್ರ ನೆನಪಿದೆ.

ಊಟದ ನಂತರ ನಮ್ಮ ಚರ್ಚಾಪಾಠ. ಅವರ ನಿಯಮ ಒಂದು: ಎದುರಾಳಿಯ ವಾದವನ್ನು ಕತ್ತರಿಸುವ ಮೊದಲು, ಎದುರಾಳಿಯೇ ತಲೆಯಾಡಿಸುವಷ್ಟು ಚೆನ್ನಾಗಿ ಅದನ್ನು ಹೇಳಬೇಕು. ಹಾಗೆ ಹೇಳಲಾಗದಿದ್ದರೆ ಕತ್ತರಿಸುವ ಹಕ್ಕಿಲ್ಲ. ಅಡುಗೆಮನೆಯಿಂದ ಅಮ್ಮ ಕೂಗುತ್ತಿದ್ದರು: "ಎಂತ ಲಾಯರಮ್ಮ, ಅವ್ರಿಗೆ ಕೈ ತೊಳಿಲಿಕ್ಕೆ ಆದ್ರೂ ಬಿಡು ಮಾರಾಯ್ತಿ!" ಮಾಸ್ಟ್ರಿಗೆ ಶಬ್ದ ಅರ್ಥವಾಗದಿದ್ದರೂ ಧ್ವನಿ ಅರ್ಥವಾಗುತ್ತಿತ್ತು. "ನ್ಯಾಯಾಧೀಶರು ಘಂಟೆ ಬಾರಿಸಿದರು. ಖಲಾಸ್," ಎಂದು ಏಳುತ್ತಿದ್ದರು.

ಎರಡನೆಯ ವರ್ಷ ನಮ್ಮ ಕರಾವಳಿಯವರ ಸಂಘದ ವಾರ್ಷಿಕ ಸಭೆಗೆ ಅಪ್ಪ ಅವರನ್ನು ಕರೆದುಕೊಂಡು ಹೋದರು. ಹೋಟೆಲೊಂದರ ಮಹಡಿಯ ಹಾಲ್. ಕೆಳಗಿನಿಂದ ಬಿರಿಯಾನಿಯ ಪರಿಮಳ, ಮೇಲೆ ವರದಿ ವಾಚನ. ಹಿಂದಿನ ಅಧ್ಯಕ್ಷರು ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಯಾರೋ ಅಪ್ಪನ ಹೆಸರು ಸೂಚಿಸಿದರು. ಅಪ್ಪ ಎದ್ದು ಕೈಮುಗಿದರು.

"ಬೇಡ, ಬೇಡ. ನನಗಿಂತ ಹಿರಿಯರು ಇಲ್ಲಿದ್ದಾರೆ. ನನಗೆ ಆಫೀಸಿನ ಕೆಲಸವೇ ಬೇಕಾದಷ್ಟು ಉಂಟು. ದಯವಿಟ್ಟು ಬಿಡಿ."

ಹಿಂದಿನ ಸಾಲಿನಿಂದ ಟ್ರಾವೆಲ್ ಏಜೆನ್ಸಿಯ ಹಾಜಿಯವರು ಎದ್ದು ನಿಂತರು. "ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ! ಹಿರಿಯರು ಇದ್ದಾರೆ, ಇರ್ಲಿ, ಅವ್ರು ಊಟ ಮಾಡ್ಲಿ. ನೀವೇ ಆಗ್ಬೇಕು!"

"ನೀವೇ ಆಗ್ಬೇಕು!" ಎಂದಿತು ಇನ್ನೊಂದು ಮೂಲೆ. ಅಪ್ಪ ಮತ್ತೆ ಬೇಡ ಎಂದರು. ಹಾಲ್ ಮತ್ತೆ ಕೂಗಿತು. ಇಬ್ಬರು ಬಂದು ಅಪ್ಪನ ರಟ್ಟೆ ಹಿಡಿದು ವೇದಿಕೆಗೆ ಎಳೆದರು. ಅಪ್ಪ ಬಲವಂತಕ್ಕೆ ಸಿಕ್ಕವರ ಹಾಗೆ ಹೋದರು. ಊರಲ್ಲಾಗಲಿ ಗಲ್ಫಿನಲ್ಲಾಗಲಿ ನಮ್ಮವರ ಯಾವ ಸಂಘದಲ್ಲೂ ಇದು ಹೊಸತಲ್ಲ. ಕರೆದ ಕೂಡಲೇ 'ಆಗಲಿ' ಎಂದವನನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಆದರೆ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ನನ್ನಿಂದ ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಮಾಸ್ಟ್ರ ಕಣ್ಣುಗಳು ತುಂಬಿದ್ದವು.

ಹಿಂದಿರುಗುವಾಗ ಕಾರಿನಲ್ಲಿ ಅಪ್ಪನನ್ನು ಕೇಳಿದರು: "ನಿಮಗೆ ನಿಜವಾಗಿ ಬೇಡವಾಗಿತ್ತಾ?"

"ಛೆ, ಬೇಡ ಎಂತದು ಸರ್! ಬಹಳ ಆಸೆ ಇತ್ತು. ಇವಳಮ್ಮನಿಗೆ ಮೊದಲೇ ಹೇಳಿದ್ದೆ, ಹೊಸ ಅಂಗಿ ಬೇಕು ಅಂತ."

"ಮತ್ತೆ ಅವರಿಗೆ ಹೇಗೆ ಗೊತ್ತಾಯಿತು?"

"ಗೊತ್ತಾಗ್ತದೆ ಸರ್. ಬೇಕಾದವನು ಹೇಗೆ ಬೇಡ ಅಂತಾನೆ, ಬೇಡದವನು ಹೇಗೆ ಬೇಡ ಅಂತಾನೆ, ಜನಕ್ಕೆ ಗೊತ್ತಾಗ್ತದೆ."

ಮಾಸ್ಟ್ರು ಗಟ್ಟಿಯಾಗಿ ನಕ್ಕು, ಆಮೇಲೆ ಕಿಟಕಿಯ ಕಡೆ ತಿರುಗಿದರು. ನಮ್ಮ ಬೀದಿ ಬರುವಷ್ಟರಲ್ಲಿ ಒಂದು ಮಾತು ಹೇಳಿದರು, ಯಾರಿಗೆ ಎಂದಿಲ್ಲ: "ನನಗೆ ಯಾರೂ ಹಾಗೆ ಹೇಳಿಲ್ಲ. ನೀವೇ ಆಗಬೇಕು ಅಂತ. 'ಈಗ ನಿನ್ನ ಸರದಿ' ಅಂತ ಹೇಳಿದರು, ಅಷ್ಟೆ."

ಮರುವರ್ಷ ಅವರ ಊರಿನಿಂದ ಫೋನ್ ಬಂತು. ಚುನಾವಣೆ ಹತ್ತಿರವಿತ್ತು, ಪಕ್ಷದವರು ಅವರನ್ನು ಮತ್ತೆ ಕರೆಯುತ್ತಿದ್ದರು. ಅಲ್ಲಿ ಅಭ್ಯರ್ಥಿಯನ್ನು ಆರಿಸುವವರು ಕ್ಷೇತ್ರದ ಪಕ್ಷದ ಸದಸ್ಯರು. ಎಲ್ಲರೂ ಒಂದು ಹಾಲಿನಲ್ಲಿ ಸೇರುತ್ತಾರೆ, ಆಕಾಂಕ್ಷಿಗಳು ಮಾತಾಡುತ್ತಾರೆ, ಆಮೇಲೆ ಚೀಟಿ ಹಾಕುತ್ತಾರೆ. ಈ ಸಲ ಇನ್ನೊಬ್ಬರು ಮಾತ್ರ ಕಣದಲ್ಲಿದ್ದರು, ಔಷಧದ ಅಂಗಡಿ ನಡೆಸುವ ಒಬ್ಬ ಮಹಿಳೆ. ಮಾಸ್ಟ್ರು ನಿಂತರೆ ಆಯ್ಕೆ ಖಚಿತವೆಂದು ಎಲ್ಲರೂ ಹೇಳಿದ್ದರಂತೆ.

"ಹೋಗಬೇಡಿ," ಎಂದೆ. "ಹೆಸರಿನಿಂದ ಗೆದ್ದವನಿಗೆ ತಾನು ಗೆದ್ದೆನೋ ಹೆಸರು ಗೆದ್ದಿತೋ ಎಂದು ತಿಳಿಯುವ ದಾರಿಯೇ ಇಲ್ಲ. ಈ ಸಲ ಗೆದ್ದರೂ ನಿಮಗೆ ತಿಳಿಯುವುದಿಲ್ಲ."

"ಒಂದು ದಾರಿ ಇದೆ," ಎಂದರು ಮಾಸ್ಟ್ರು, ಎದುರಿಗೆ ಮೀನಿನ ಮುಳ್ಳು ಬಿಡಿಸುತ್ತಿದ್ದ ಅಪ್ಪನನ್ನು ನೋಡುತ್ತಾ. ಅಪ್ಪ ತಲೆ ಎತ್ತಲಿಲ್ಲ. ಅವರೇನು ಹೇಳುತ್ತಿದ್ದಾರೆಂದು ನನಗೂ ಹೊಳೆಯಲಿಲ್ಲ.

ರಜೆ ಹಾಕಿ ಹೋದವರು ಅದೇ ರಜೆ ಮುಗಿಯುವುದರೊಳಗೆ ತಿರುಗಿ ಬಂದರು. ಶುಕ್ರವಾರ ಬಾಗಿಲು ತೆರೆದರೆ ಕೈಯಲ್ಲಿ ಒಂದು ವಿಡಿಯೋ ಕ್ಯಾಸೆಟ್. ನಮ್ಮಲ್ಲಿ ಎಲ್ಲ ದೇಶದ ಕ್ಯಾಸೆಟ್ಟೂ ಓಡುವ ವಿಸಿಆರ್ ಇತ್ತು, ಗಲ್ಫಿನ ಮನೆಗಳಲ್ಲಿ ಅದೊಂದು ಹೆಮ್ಮೆ. "ಪಾಠ ಇದೆ," ಎಂದರು ನನಗೆ. "ಒಬ್ಬ ಭಾಷಣಕಾರ ಸೋತಿದ್ದಾನೆ. ಎಲ್ಲಿ ಸೋತ ಅಂತ ನೀನು ಹೇಳಬೇಕು."

ಅಮ್ಮ ಗೋಳಿಬಜೆ ತಂದಿಟ್ಟು ನೆಲದ ಮೇಲೆ ಕುಳಿತರು. ಕ್ಯಾಸೆಟ್ಟಿನಲ್ಲಿ ಒಂದು ಶಾಲೆಯ ಆಟದ ಹಾಲ್, ದಪ್ಪ ಕೋಟು ತೊಟ್ಟ ಜನ, ಗೋಡೆಯ ಮೇಲೆ ಮಾಸ್ಟ್ರ ಅಜ್ಜನ ಮತ್ತು ಅಪ್ಪನ ದೊಡ್ಡ ಫೋಟೋಗಳು. ಮಾಸ್ಟ್ರು ಮೈಕಿನ ಮುಂದೆ ಬಂದರು. ಕೋಟಿನ ಒಳಗಿನಿಂದ ಭಾಷಣದ ಹಾಳೆ ತೆಗೆದರು, ಮತ್ತೆ ಒಳಗಿಟ್ಟರು.

"ನಮ್ಮ ಕುಟುಂಬಕ್ಕೆ ನೀವು ಬೇಕಾದಷ್ಟು ಕೊಟ್ಟಿದ್ದೀರಿ," ಎಂದರು ಪರದೆಯ ಮೇಲಿನ ಮಾಸ್ಟ್ರು. "ನನಗಿಂತ ಯೋಗ್ಯರು ಈ ಹಾಲಿನಲ್ಲಿದ್ದಾರೆ. ನಾನು ಕೇಳಲು ಬಂದಿಲ್ಲ."

ಆಮೇಲೆ ತಲೆ ಎತ್ತಿ ಕಾದರು.

ಅಪ್ಪನ ಕೈಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು. "ಅಯ್ಯೋ ದೇವರೇ," ಎಂದರು ಕನ್ನಡದಲ್ಲಿ.

ಹಾಲ್ ಮೌನವಾಗಿತ್ತು. ಒಬ್ಬರು ಕೆಮ್ಮಿದರು. ಮಾಸ್ಟ್ರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮುಖದಲ್ಲಿ ಒಂದು ಸಣ್ಣ ನಗು, ಮಕ್ಕಳು ಕಣ್ಣುಮುಚ್ಚಾಲೆಯಲ್ಲಿ ಅಡಗಿ ಕಾಯುವಾಗಿನ ನಗು. ಆಮೇಲೆ ಮುಂದಿನ ಸಾಲಿನ ಒಬ್ಬ ಮುದುಕ ಎದ್ದು ಚಪ್ಪಾಳೆ ತಟ್ಟತೊಡಗಿದ. ಪಕ್ಕದವರು ಎದ್ದರು. ಸಾಲು ಸಾಲಾಗಿ ಇಡೀ ಹಾಲ್ ಎದ್ದು ನಿಂತಿತು. ಎಷ್ಟೋ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಔಷಧದ ಅಂಗಡಿಯ ಮಹಿಳೆ ಓಡಿ ಬಂದು ಅವರನ್ನು ತಬ್ಬಿಕೊಂಡರು. ದೊಡ್ಡ ಮನಸ್ಸಿನಿಂದ ಜಾಗ ಬಿಟ್ಟುಕೊಟ್ಟವನಿಗೆ ಕೊಡುವ ಬೀಳ್ಕೊಡುಗೆ ಅದು. ಚಪ್ಪಾಳೆ ನಿಲ್ಲಲೇ ಇಲ್ಲ. ಆಮೇಲೆ ಅವರೂ ಚಪ್ಪಾಳೆ ತಟ್ಟಿದರು.

ಕ್ಯಾಸೆಟ್ ನಿಂತಿತು. ಅಮ್ಮನಿಗೆ ಭಾಷೆ ಬೇಕಾಗಿರಲಿಲ್ಲ, ನೋಡಿಯೇ ಗೊತ್ತಾಗಿತ್ತು. "ಅಷ್ಟು ಜನ ಇದ್ದಾರಲ್ಲ, ಒಬ್ಬರಾದ್ರೂ ಹಾಗೆ ಹೇಳ್ಬೇಡಿ ಅನ್ಬಾರ್ದಿತ್ತಾ? ಎಂಥ ಜನ ಅಪ್ಪ ಅವ್ರು."

"ಸಭೆಯ ತಪ್ಪಲ್ಲ," ಎಂದೆ. ನನಗೆ ಬೇರೆ ಮಾತು ಬರುತ್ತಿರಲಿಲ್ಲ, ವಾದವೊಂದೇ ಬರುತ್ತಿತ್ತು. "ನೀವು ಹೇಳಿದ್ದನ್ನು ಅವರು ನಂಬಿದರು. ನಂಬುವ ಸಭೆಯ ಮುಂದೆ ಇದನ್ನು ಹೇಳಬಾರದಿತ್ತು."

"ನಮ್ಮಲ್ಲಿಯೂ ಹಾಗೆಲ್ಲ ತನ್ನಿಂದ ತಾನೇ ಆಗುವುದಿಲ್ಲ ಸರ್," ಎಂದರು ಅಪ್ಪ. ಅವರ ದನಿ ಕುಗ್ಗಿತ್ತು. "ಹಾಜಿಯವರಿಗೆ ಎದ್ದು ನಿಲ್ಲಿ ಅಂತ ನಾನೇ ಹೇಳಿಟ್ಟಿದ್ದೆ. ಮೂಲೆಯಲ್ಲಿ ಕೂಗಿದವನು ನನ್ನ ಭಾವನ ಹುಡುಗ. ಎಲ್ಲರೂ ಹಾಗೇ ಮಾಡುವುದು. ನಾಲ್ಕು ಜನರಿಗೆ ಮೊದಲೇ ಹೇಳಿ ಇಡ್ಬೇಕು."

ಮಾಸ್ಟ್ರು ಅಪ್ಪನ ಕಡೆ ತಿರುಗಿದರು. ಸಿಟ್ಟು ಬರಬಹುದೆಂದು ನನಗೆ ಹೆದರಿಕೆಯಾಯಿತು. ಬರಲಿಲ್ಲ. "ಹೇಳಿ ಇಡಬೇಕಾ," ಎಂದರು ಮೆಲ್ಲಗೆ. ಮತ್ತೊಮ್ಮೆ, "ಹೇಳಿ ಇಡಬೇಕು." ಆಮೇಲೆ ನನ್ನ ಕಡೆ ತಿರುಗಿ, "ನೋಡು, ನೀನು ಹೇಳಿದ್ದೇ ಗೆದ್ದಿತು. ತಿಳಿಯುವ ದಾರಿ ಇಲ್ಲ," ಎಂದರು. ಒಂದು ವಾದ ಗೆದ್ದು ಅಷ್ಟು ಕೆಟ್ಟದೆನಿಸಿದ್ದು ನನಗೆ ಅದೇ ಮೊದಲು.

ಅವರು ಮತ್ತೆ ಊರಿಗೆ ಹೋಗಲಿಲ್ಲ. ಪಾಠ ಮುಂದುವರಿಯಿತು, ಶುಕ್ರವಾರಗಳು ಮುಂದುವರಿದವು. ಬಕಾಲದವನ ಮಗಳು ಪಾಸಾದಾಗ ಮಿಠಾಯಿ ಮೊದಲು ಬಂದದ್ದು ಅವರಿಗೆ. ಆದರೆ ಒಂದು ವ್ಯತ್ಯಾಸ ಕಂಡಿತು. ಮೊದಲೆಲ್ಲ ಚರ್ಚೆಯಲ್ಲಿ ನಾನು ಸೋತರೆ ಮತ್ತೆ ಎತ್ತಿ ಕಟ್ಟುತ್ತಿದ್ದರು, ಇನ್ನೊಂದು ವಾದ ಹುಡುಕು ಎನ್ನುತ್ತಿದ್ದರು. ಈಗ ಸೋತರೆ ಸುಮ್ಮನೆ ಎದ್ದು ತಟ್ಟೆ ತೊಳೆಯಲು ಹೋಗುತ್ತಿದ್ದರು. "ಬೇಡ ಮಾಸ್ಟ್ರೇ, ಇಡಿ ಅಲ್ಲಿ," ಎಂದು ಅಮ್ಮ ಕಸಿದುಕೊಳ್ಳಲು ಹೋಗುತ್ತಿದ್ದರು. ಅವರು ಕೊಡುತ್ತಿರಲಿಲ್ಲ.

ನಾನು ಹನ್ನೆರಡನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ವಾರಕ್ಕೊಮ್ಮೆ ಎಣ್ಣೆ ಬಾವಿಗಳ ಊರಾದ ದುಖಾನಿಗೆ ಹೋಗಿ ಅಲ್ಲಿನ ಹುಡುಗರಿಗೆ ಪಾಠ ಹೇಳಿ ಸಂಜೆ ಒಬ್ಬರೇ ಕಾರು ಓಡಿಸಿಕೊಂಡು ಬರುತ್ತಿದ್ದರು. ಒಂದು ದಿನ, ಹಗಲಿನ ಉರಿಬಿಸಿಲಿಗೆ ಕಾದ ರಸ್ತೆಯ ಮೇಲೆ ಟಯರ್ ಸಿಡಿಯಿತು. ಸುದ್ದಿ ಅಪ್ಪನ ಆಫೀಸಿಗೆ ಬಂತು, ಅಪ್ಪನಿಂದ ನಮಗೆ. ಅಮ್ಮ ಶುಕ್ರವಾರಕ್ಕೆಂದು ತಂದಿದ್ದ ಮೀನನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು.

ಅವರ ಅಕ್ಕ ಬಂದರು. ನಲವತ್ತು ದಾಟಿದವರು, ಎತ್ತರದ ಹೆಂಗಸು. ಕೇಂದ್ರದ ಕಾಗದಪತ್ರಗಳ ಓಡಾಟವೆಲ್ಲ ಅಪ್ಪನದು. ಹೊರಡುವ ದಿನ ಅವರನ್ನು ಮನೆಗೆ ಕರೆತಂದರು. ಬಂದವರು ನಮ್ಮ ಸಣ್ಣ ಹಾಲನ್ನೂ ಟಿವಿಯನ್ನೂ ನೋಡಿದರು. ಅಮ್ಮ ನೀರುದೋಸೆ ಬಡಿಸಿ ಎದುರಿಗೆ ಕುಳಿತರು. ಇಬ್ಬರಿಗೂ ಗೊತ್ತಿರುವ ಭಾಷೆ ಒಂದೂ ಇಲ್ಲ. ಅಮ್ಮ ಅವರ ಬೆನ್ನು ಸವರಿದರು. ಅವರು ತಿನ್ನುತ್ತಲೇ ಅತ್ತರು.

"ಅವನು ಫೋನ್ ಮಾಡಿದಾಗಲೆಲ್ಲ ನಿಮ್ಮದೇ ಮಾತು," ಎಂದರು ನನಗೆ. ಆಮೇಲೆ ತಟ್ಟೆ ಬದಿಗಿಟ್ಟರು. "ಒಂದು ವಿಷಯ ಯಾರಿಗೂ ಹೇಳಿಲ್ಲ. ಆ ಸಭೆಯಲ್ಲಿ ನಾನಿದ್ದೆ. ಅವನು 'ಕೇಳಲು ಬಂದಿಲ್ಲ' ಅಂದಾಗ ನನಗೆ ಕೂಗಬೇಕು ಅನಿಸಿತು. ಇಲ್ಲ, ನೀನೇ ಇರು, ನಮಗೆ ನೀನೇ ಬೇಕು ಅಂತ. ಬಾಯಿ ತನಕ ಬಂದಿತ್ತು. ಆದರೆ ಚಿಕ್ಕಂದಿನಿಂದ ಅವನನ್ನು ಎಲ್ಲರೂ ಎಳೆದು ನಿಲ್ಲಿಸಿದವರೇ. ಮೊದಲ ಸಲ ಅವನೇ ಬೇಡ ಅಂತಿದ್ದಾನೆ. ಕಡೆಗೂ ಬಿಡಿಸಿಕೊಂಡ, ಬಿಟ್ಟುಬಿಡೋಣ ಅಂತ ಬಾಯಿ ಮುಚ್ಚಿಕೊಂಡೆ. ಅವನಿಗೋಸ್ಕರ ಮುಚ್ಚಿಕೊಂಡೆ." ನನ್ನ ಕಡೆ ಬಾಗಿದರು. "ನಿನಗೆ ಎಲ್ಲ ಹೇಳುತ್ತಿದ್ದ. ಅವನಿಗೆ ಅದು ಬೇಕಾಗಿರಲಿಲ್ಲ, ಅಲ್ಲವಾ? ನಾನು ಮಾಡಿದ್ದು ಸರಿ ತಾನೇ?"

ಅಪ್ಪ ನನ್ನನ್ನು ನೋಡಿದರು. ಅಮ್ಮ ಅಪ್ಪನನ್ನು ನೋಡಿ, "ಎಂತ ಕೇಳ್ತಿದ್ದಾರೆ ಅವ್ರು?" ಎಂದರು.

ನನಗೆ ಸುಳ್ಳು ಆಗುವುದಿಲ್ಲ. ತಪ್ಪು ವಾದವನ್ನು ಹಾಗೇ ಬಿಟ್ಟು ಏಳುವುದಂತೂ ಆಗುವುದೇ ಇಲ್ಲ, ಅದನ್ನು ಕಲಿಸಿದವರೇ ಮಾಸ್ಟ್ರು. ಉತ್ತರ ನನ್ನ ಬಳಿ ಇತ್ತು. ಇಡೀ ಲೋಕದಲ್ಲಿ ಅವರನ್ನು ಅವರಿಗಾಗಿಯೇ ಬಯಸಿದ, ಯಾರೂ ಹೇಳಿ ಇಡದ ಒಂದು ದನಿ ಆ ಹಾಲಿನಲ್ಲಿತ್ತು. ಅದನ್ನು ಕೇಳಲೆಂದೇ ಅವರು ಅಷ್ಟು ದೂರ ಹೋಗಿದ್ದರು. ಅದು ಪ್ರೀತಿಯಿಂದಲೇ ಸುಮ್ಮನಾಗಿತ್ತು.

"ಹೌದು," ಎಂದೆ. "ನೀವು ಮಾಡಿದ್ದು ಸರಿ. ಅವರಿಗೆ ಬೇಕಾಗಿರಲಿಲ್ಲ."

ಅವರು ನನ್ನ ತಲೆಗೆ ಮುತ್ತಿಟ್ಟು ವಿಮಾನಕ್ಕೆ ಹೋದರು. ಮಾಸ್ಟ್ರಿಗೆ ನಾನು ಪಡೆದದ್ದನ್ನು ತಿರುಗಿ ಕೊಡುವ ದಾರಿಯಿಲ್ಲ. ಸತ್ಯ ಎಲ್ಲಾದರೂ ಒಂದು ಕಡೆ ಇರಬೇಕೆಂದು, ಅವರ ಅಕ್ಕ ಎಂದೂ ಓದಲಾರದ ಭಾಷೆಯಲ್ಲಿ ಇದನ್ನು ಬರೆದಿಟ್ಟಿದ್ದೇನೆ.